ಎಂಟು ಮಂದಿ ಇಲ್ಲದ ಹುಡುಗಿಯ ಹೊರಸಂಚಾರ

ಶಾಲಾ ಗೈಡುಗಳ ಹೊರಸಂಚಾರಕ್ಕೆ ಅನುಮತಿ ಕೊಡುವ, ಬಹುತೇಕ ಕೊಡದಿರುವ, ಅಧಿಕಾರಿಗಳಿಗೆ.

ಮಾನ್ಯರೇ,

ನಮ್ಮ ಶಾಲೆಯ ಗೈಡ್ಸ್ ಕಂಪೆನಿಯ ಅರ್ಜಿಯನ್ನು ನೀವು ಮೂರನೆಯ ಸಲ ಹಿಂದಿರುಗಿಸಿದ್ದೀರಿ. ಕಾರಣ ಮೂರು ಸಲವೂ ಒಂದೇ: ಹೊರಸಂಚಾರಕ್ಕೆ ಕನಿಷ್ಠ ಎಂಟು ಹುಡುಗಿಯರು ಬೇಕು. ನಮ್ಮಲ್ಲಿ ಗೈಡ್ ಉಂಟು, ಎಂಟು ಇಲ್ಲ. ಇರುವುದು ಒಬ್ಬಳು, ಹತ್ತನೇ ತರಗತಿಯ ಅನ್ವಿತಾ. ನಾಲ್ಕು ವರ್ಷಗಳಲ್ಲಿ ಅವಳು ಗಂಟು ಹಾಕಲು ಕಲಿತಳು, ಗಾಯಕ್ಕೆ ಪಟ್ಟಿ ಕಟ್ಟಲು ಕಲಿತಳು, ಮೂರು ಕಲ್ಲಿಟ್ಟು ಅನ್ನ ಬೇಯಿಸಲು ಕಲಿತಳು. ರಾಜ್ಯ ಪುರಸ್ಕಾರದ ಪರೀಕ್ಷೆಗೆ ಅವಳ ದಾಖಲೆ ಪುಸ್ತಕದಲ್ಲಿ ಇನ್ನು ಖಾಲಿ ಉಳಿದಿರುವುದು ಒಂದೇ ಸಾಲು, ಹೊರಸಂಚಾರದ್ದು. ಆ ಸಾಲಿಗೆ ನಿಮ್ಮ ಕಚೇರಿಯ ಅನುಮತಿ ಸಂಖ್ಯೆ ಬೇಕು. ಪುಸ್ತಕ ಒಪ್ಪಿಸಲು ಈ ತಿಂಗಳ ಇಪ್ಪತ್ತೆಂಟು ಕೊನೆಯ ದಿನ. ಅಂತರಂಗದಲ್ಲಿ ಬರೆದ ಮೂರು ಅರ್ಜಿಗಳು ಫಲ ಕೊಡದ ಕಾರಣ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ನನ್ನ ಪರಿಚಯ. ಕೇರಳಕ್ಕೆ ಸೇರಿದ ಅಗಲ್ಪಾಡಿಯಿಂದ ಸ್ವಲ್ಪ ಒಳಗಿನ ಒಂದು ಶಾಲೆಯ ಕನ್ನಡ ವಿಭಾಗದಲ್ಲಿ ಪಾಠ ಮಾಡುತ್ತೇನೆ, ಜತೆಗೆ ಗೈಡ್ ಕ್ಯಾಪ್ಟನ್. ಹೆಸರು ದಮಯಂತಿ. ನಳ ಶಾಲೆಯ ಹಿತ್ತಿಲಲ್ಲಿ ಒಂದು ಉಂಟು, ಅದರಲ್ಲಿ ನೀರು ಬರುವುದಿಲ್ಲ. ಈ ತಮಾಷೆಯನ್ನು ಹದಿನೇಳು ವರ್ಷಗಳಿಂದ ಮಾಡುತ್ತಿದ್ದೇನೆ, ಈಗ ನಗುವವಳೂ ನಾನೊಬ್ಬಳೇ, ಏಕೆಂದರೆ ಸ್ಟಾಫ್ ರೂಮಿನಲ್ಲಿ ಇದು ಅರ್ಥವಾಗುತ್ತಿದ್ದ ಕೊನೆಯ ಸಹೋದ್ಯೋಗಿ ಎರಡು ವರ್ಷದ ಹಿಂದೆ ನಿವೃತ್ತರಾದರು.

ಗೈಡುಗಳ ದಳಗಳಿಗೆ ಹೂವಿನ ಹೆಸರಿಡುವುದು ಸಂಪ್ರದಾಯ. ನಾನು ಹೊಣೆ ಹೊತ್ತಾಗ ನಮ್ಮಲ್ಲಿ ಸಂಪಿಗೆ, ಮಲ್ಲಿಗೆ, ಕೇಪಳ ಎಂದು ಮೂರು ದಳ, ಇಪ್ಪತ್ತನಾಲ್ಕು ಹುಡುಗಿಯರು. ಹೂವಿನ ಹೆಸರಿಟ್ಟ ಮೇಲೆ ದಳ ಉದುರಲೇಬೇಕಲ್ಲ. ಕೆಲವರು ಇಂಗ್ಲಿಷ್ ವಿಭಾಗಕ್ಕೆ ಹೋದರು. ಕೆಲವರು ಶಾಲೆಯದ್ದೇ ಪೊಲೀಸ್ ಕೆಡೆಟ್ ಪಡೆಗೆ ಸೇರಿದರು, ಅಲ್ಲಿ ಬೂಟು ಕೊಡುತ್ತಾರೆ. ನಮ್ಮಲ್ಲಿ ಕೊಡುವುದು ಕೊರಳಿಗೆ ಒಂದು ಸ್ಕಾರ್ಫು, ಅದನ್ನೂ ವರ್ಷದ ಕೊನೆಗೆ ಒಗೆದು ಹಿಂದೆ ಕೊಡಬೇಕು. ಕಳೆದ ಜೂನಿನಲ್ಲಿ ಹಾಜರಿ ಪುಸ್ತಕ ತೆರೆದಾಗ ಕೇಪಳ ದಳದಲ್ಲಿ ಒಂದು ಹೆಸರು ಉಳಿದಿತ್ತು. ಶಿಸ್ತಿನ ಪ್ರಕಾರ ದಳದ ನಾಯಕಿ ಮುಂದೆ ಬಂದು, ಎಷ್ಟು ಮಂದಿ ಇದ್ದಾರೆ, ಎಷ್ಟು ಮಂದಿ ಬಂದಿದ್ದಾರೆ ಎಂದು ನನಗೆ ವರದಿ ಒಪ್ಪಿಸಬೇಕು. ಅನ್ವಿತಾ ಪ್ರತಿ ಶುಕ್ರವಾರ ಸಂಜೆ ಖಾಲಿ ಮೈದಾನದಲ್ಲಿ ನಾಲ್ಕು ಹೆಜ್ಜೆ ಮುಂದೆ ಬಂದು, ಗೈಡುಗಳ ರೂಢಿಯಂತೆ ಎಡಗೈ ಚಾಚಿ ಕೈಕುಲುಕಿ ಹೇಳುತ್ತಾಳೆ, "ಕೇಪಳ ದಳ. ಒಟ್ಟು ಒಬ್ಬಳು. ಹಾಜರು ಒಬ್ಬಳು." ಪೂರ್ಣ ಹಾಜರಾತಿ. ಜಿಲ್ಲೆಯಲ್ಲಿ ಇನ್ನಾವ ಕಂಪೆನಿಗೆ ವರ್ಷವಿಡೀ ನೂರಕ್ಕೆ ನೂರು ಇದೆ, ಹೇಳಿ ನೋಡುವ.

ಜೂನಿನಲ್ಲಿಯೇ ನಿಮ್ಮ ಸುತ್ತೋಲೆ ಬಂತು. ಹುಡುಗಿಯರನ್ನು ಕರೆದುಕೊಂಡು ಹೋಗಬಹುದಾದ ಹತ್ತು ಸ್ಥಳೀಯ ಜಾಗಗಳನ್ನು ಪ್ರತಿ ಶಾಲೆಯೂ ಸೂಚಿಸಬೇಕು ಎಂದು. ನಾನೂ ಅನ್ವಿತಾಳೂ ಎರಡು ಶನಿವಾರ ಕೂತು ಬರೆದೆವು. ಗುಡ್ಡದ ಹೊಟ್ಟೆಗೆ ಅಡ್ಡ ಕೊರೆದು ನೀರು ತೆಗೆಯುವ ಸುರಂಗ. ಬಲೆ ಹೆಣೆಯುವವರ ಬಳಿ ಕೂತು ಗಂಟು ಕಲಿಯಲು ಸಮುದ್ರ ತೀರ. ಮೀಂಜದ ಕಡೆಯ ಗಡಿ, ಅಲ್ಲಿ ಒಂದು ಕಾಲು ಕೇರಳದಲ್ಲಿ ಒಂದು ಕಾಲು ಕರ್ನಾಟಕದಲ್ಲಿ ಇಟ್ಟು ದಿಕ್ಸೂಚಿ ನೋಡುವುದು. ಮೊಬೈಲಿಗೆ ಎರಡೂ ರಾಜ್ಯಗಳಿಂದ ಸ್ವಾಗತ ಬರುತ್ತದೆ, ಕಾಲಿಟ್ಟವರಿಗೆ ಎರಡೂ ಕಡೆಯಿಂದ ಬರುವುದಿಲ್ಲ. ಬೋವಿಕಾನದ ಪೇಟೆಯಲ್ಲಿ ಚೀಲ ಹಿಡಿದು ಸಂತೆ ಮಾಡುವುದು. ಅಂಚೆ ಕಚೇರಿಗೆ ಹೋಗಿ ತಂತಮ್ಮ ವಿಳಾಸಕ್ಕೇ ಒಂದೊಂದು ಕಾರ್ಡು ಹಾಕಿ, ಕಾರ್ಡು ಮೊದಲು ಮನೆ ಸೇರುತ್ತದೋ ನಾವೋ ಎಂದು ನೋಡುವುದು. ಹೀಗೆ ಒಂಬತ್ತಾದವು. ಹತ್ತನೆಯದನ್ನು ಅನ್ವಿತಾ ತಾನೇ ಬರೆದಳು: "ಬೇರೆ ಶಾಲೆಯ ಗೈಡುಗಳೊಟ್ಟಿಗೆ ಒಂದು ಮಧ್ಯಾಹ್ನದ ಊಟ, ಎಲ್ಲಾದರೂ ಸರಿ."

ಮಾನ್ಯರೇ, ಇಲ್ಲಿ ಒಂದು ತಪ್ಪು ನನ್ನದೂ ಇರಬಹುದು. ನನ್ನ ಕನ್ನಡದಲ್ಲಿ ನಾನು ಕಳುಹಿಸಿದ್ದು ಪಟ್ಟಿ. ನಿಮ್ಮ ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಹಾಗಾಗಿ ಅದನ್ನು ಹೊಸ್ತಿಲಲ್ಲೇ ಅಟ್ಟಿದಿರೋ ಏನೋ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಅಲ್ಲ, ನೀವು ಅದನ್ನು ಸಾಕಿದ್ದೀರಿ. ಆಗಸ್ಟಿನಲ್ಲಿ ಎಲ್ಲ ಶಾಲೆಗಳಿಗೂ ಒಂದು ಮಾದರಿ ಪಟ್ಟಿ ಬಂತು. ಓದಿದೆ. ನಮ್ಮದೇ. ಸುರಂಗ, ಬಲೆ, ಗಡಿ, ಅಂಚೆ ಕಾರ್ಡು ಎಲ್ಲವೂ ಅದೇ ಕ್ರಮದಲ್ಲಿ. ಒಂಬತ್ತನ್ನು ಇಟ್ಟುಕೊಂಡು ಹತ್ತನೆಯದನ್ನು ತೆಗೆದಿದ್ದೀರಿ, ಅದು ಸ್ಥಳವಲ್ಲವಂತೆ. ಇರಲಿ. ಅಂದಿನಿಂದ ನಮ್ಮ ಪಟ್ಟಿ ಜಿಲ್ಲೆಯಿಡೀ ಪ್ರವಾಸ ಮಾಡುತ್ತಿದೆ. ದಾಖಲೆಯ ಪ್ರಕಾರ ನಾವು ಇನ್ನೂ ಶಾಲೆಯ ಗೇಟು ದಾಟಿಲ್ಲ.

ಎಂಟರ ನಿಯಮ ಏಕೆಂದು ನನಗೆ ತಿಳಿಯದ್ದೇನಲ್ಲ. ಹೆಣ್ಣುಮಕ್ಕಳನ್ನು ಹೊರಗೆ ಕರೆದೊಯ್ಯುವಾಗ ಗುಂಪಿರಬೇಕು, ಒಬ್ಬರಿಗೊಬ್ಬರು ಕಾವಲಿರಬೇಕು. ಒಪ್ಪಿದೆ. ಆದರೆ ಇದೇ ಹುಡುಗಿ ದಿನವೂ ಎರಡು ಬಸ್ಸು ಬದಲಿಸಿ, ಒಂದೂವರೆ ಕಿಲೋಮೀಟರ್ ಒಬ್ಬಳೇ ನಡೆದು ಶಾಲೆಗೆ ಬರುತ್ತಾಳೆ. ಆ ಸಂಚಾರಕ್ಕೆ ಯಾರ ಅನುಮತಿ ಸಂಖ್ಯೆ? ಸರಕಾರಕ್ಕೆ ಅವಳ ಒಂಟಿತನ ಕಾಣುವುದು ಶನಿವಾರ ಮಾತ್ರವೇ?

ಎರಡನೆಯ ಅರ್ಜಿ ಹಿಂದೆ ಬಂದಾಗ ನಿಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದವರು ಬೋವಿಕಾನದ ಅವಿನಾಶ. ಒಳ್ಳೆಯ ಹುಡುಗ, ನನ್ನ ಹಳೆಯ ವಿದ್ಯಾರ್ಥಿ, ಈಗ ನಿಮ್ಮ ಗುಮಾಸ್ತ.

"ಟೀಚರ್, ನಾನು ಸಂಖ್ಯೆಯ ಜಾಗದಲ್ಲಿ ಒಂದು ಅಂತ ಹೊಡೆದೆ. ಕಂಪ್ಯೂಟರ್ ಕೆಂಪಾಯ್ತು."

"ನಾಚಿಕೆ ಆಯ್ತಾ ಅದಕ್ಕೆ?"

"ಅಲ್ಲ ಟೀಚರ್, ಎಂಟರಿಂದ ಕೆಳಗೆ ಅದು ತೆಗೊಳ್ಳುದಿಲ್ಲ. ನೀವು ಒಂದು ಕೆಲಸ ಮಾಡಿ. ಬೇರೆ ಏಳು ಹೆಸರು ಹಾಕಿ ಕೊಡಿ. ಯಾರು ಬಂದು ತಲೆ ಎಣಿಸ್ತಾರೆ?"

"ನಾನು ನಿನಗೆ ಕಲಿಸಿದ್ದು ಇದನ್ನಾ ಮಾರಾಯ?"

"ನೀವು ಕಲಿಸಿದ್ದು ಸಮಾಸ ಟೀಚರ್. ಇದನ್ನು ಇಲ್ಲಿ ಬಂದು ಕಲ್ತದ್ದು."

ಬೇಸರದಲ್ಲಿ ಈ ಸಲಹೆಯನ್ನು ಅನ್ವಿತಾಳಿಗೆ ಹೇಳಿಯೂಬಿಟ್ಟೆ. ನಾನು ಮಾಡಬಾರದಿತ್ತು. ಗೈಡ್ ನಿಯಮಗಳಲ್ಲಿ ಮೊದಲನೆಯದೇ ನಂಬಿಕೆಗೆ ಅರ್ಹಳಾಗಿರಬೇಕು ಎಂಬುದು. ಆದರೆ ಅವಳು ನಿಯಮ ಹೇಳಲಿಲ್ಲ. ಸ್ವಲ್ಪ ಯೋಚಿಸಿ, "ಸುಳ್ಳು ಏಳು ಮಂದಿಯೊಟ್ಟಿಗೆ ಹೋದ್ರೂ ನಾನು ಒಬ್ಬಳೇ ಅಲ್ವಾ ಟೀಚರ್?" ಎಂದಳು. ಅಂದಿನಿಂದ ಆ ಮಾತು ಎತ್ತಿಲ್ಲ.

ಈಗ ಕಳೆದ ತಿಂಗಳ ಎರಡನೇ ಶನಿವಾರದ ಕಥೆ. ಪೇಟೆಯ ಒಂದು ದೊಡ್ಡ ಶಾಲೆಯ ಮೂವತ್ತೆರಡು ಗೈಡುಗಳು ಮಾದರಿ ಪಟ್ಟಿಯ ಒಂದನೇ ಸ್ಥಳವಾದ ಸುರಂಗಕ್ಕೆ ಬರುತ್ತಾರೆಂದೂ, ದಾರಿ ತಿಳಿದ ಸ್ಥಳೀಯ ಗೈಡ್ ಒಬ್ಬಳು ಮುಂಚಿತವಾಗಿ ಪಥಚಿಹ್ನೆಗಳನ್ನು ಇಡಬೇಕೆಂದೂ ನಿಮ್ಮ ಕಚೇರಿಯಿಂದ ಸೂಚನೆ ಬಂತು. ಪಥಚಿಹ್ನೆ ಎಂದರೆ ಓದುಗರಿಗೆ ಹೇಳಿಬಿಡುತ್ತೇನೆ: ಮುಂದೆ ಹೋಗುವವರು ಕಲ್ಲಿನ ಬಾಣ, ಗಂಟು ಹಾಕಿದ ಹುಲ್ಲು, ಅಡ್ಡ ಇಟ್ಟ ಕಡ್ಡಿ ಇವುಗಳಿಂದ ದಾರಿ ಬರೆದಿಡುತ್ತಾರೆ, ಹಿಂದಿನವರು ಓದುತ್ತಾ ಬರುತ್ತಾರೆ. ಕಲ್ಲಿನಿಂದ ಒಂದು ಚೌಕ ಮಾಡಿ, ಒಳಗೆ ಸಂಖ್ಯೆ, ಪಕ್ಕದಲ್ಲಿ ಬಾಣ ಇಟ್ಟರೆ, ಆ ದಿಕ್ಕಿನಲ್ಲಿ ಅಷ್ಟು ಹೆಜ್ಜೆಗೆ ಒಂದು ಪತ್ರ ಅಡಗಿದೆ ಎಂದರ್ಥ. ಎಲ್ಲರಿಗಿಂತ ಕೊನೆಯಲ್ಲಿ ನಡೆಯುವವರು ಗುರುತುಗಳನ್ನು ಅಳಿಸುತ್ತಾ ಬರಬೇಕು, ಇನ್ಯಾರೂ ದಾರಿ ತಪ್ಪಬಾರದೆಂದು.

ಅನ್ವಿತಾಳಿಗೆ ಹಿಂದಿನ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ಬೆಳಿಗ್ಗೆ ಏಳಕ್ಕೇ ರಸ್ತೆಯಿಂದ ಗುಡ್ಡದ ತುದಿಯ ಸುರಂಗದವರೆಗೆ ಮೂರು ಕಿಲೋಮೀಟರ್ ದಾರಿಯನ್ನು ಕೆಂಪು ಮುರಕಲ್ಲಿನ ಚೂರುಗಳಲ್ಲಿ ಬರೆಯುತ್ತಾ ಹತ್ತಿದಳು. ಶಾಲೆಯ ಅಡುಗೆಕೋಣೆಯಿಂದ ಮೂವತ್ತೆರಡು ಸ್ಟೀಲ್ ಲೋಟ ಗೋಣಿಯಲ್ಲಿ. ಅವಳ ಅಮ್ಮ ಕೊಟ್ಟ ಪುನರ್ಪುಳಿ ಹಣ್ಣಿನ ಶರಬತ್ತು ಒಂದು ಕ್ಯಾನಿನಲ್ಲಿ. ಹೊರಲು ಜತೆಯಾದವರು ವಾಸಪ್ಪಣ್ಣ. ಅರುವತ್ತರ ಪ್ರಾಯ, ಆ ಸುರಂಗ ತೋಡಿದವರು ಅವರೇ.

ನಾನು ಅತಿಥಿಗಳನ್ನು ಎದುರುಗೊಳ್ಳಲು ಕೆಳಗೆ ರಸ್ತೆಯಲ್ಲಿ ನಿಂತೆ. ಹತ್ತೂವರೆಗೆ ಬಸ್ಸು ಬಂತು. ಮೂವತ್ತೆರಡು ನೀಲಿ ಸಮವಸ್ತ್ರ ಇಳಿದಾಗ, ಸುಳ್ಳು ಹೇಳಬಾರದು, ನನ್ನ ಕಣ್ಣು ತುಂಬಿತು. ಅಷ್ಟು ಗೈಡುಗಳನ್ನು ಒಟ್ಟಿಗೆ ನೋಡಿ ಬಹಳ ಕಾಲವಾಗಿತ್ತು. ಬ್ಯಾನರ್ ಬಿಚ್ಚಿದರು. ಮೊದಲ ಕಲ್ಲಿನ ಬಾಣದ ಬಳಿಯೇ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ಆಮೇಲೆ ಅವರ ಕ್ಯಾಪ್ಟನ್, ಸಜ್ಜನ ಹೆಂಗಸು, ಗುಡ್ಡ ಹತ್ತಲು ಎಷ್ಟು ಹೊತ್ತು ಬೇಕೆಂದು ಕೇಳಿದರು. ಮುಕ್ಕಾಲು ಗಂಟೆ ಎಂದೆ. ಅವರು ವಾಚು ನೋಡಿದರು. ಹನ್ನೆರಡಕ್ಕೆ ಸಮುದ್ರ ತೀರದಲ್ಲಿರಬೇಕಂತೆ. ಅದು ನಮ್ಮ ಪಟ್ಟಿಯ ಎರಡನೆಯದು. "ಫೋಟೊ ಆಯಿತಲ್ಲ ಟೀಚರ್, ಕಚೇರಿಗೆ ಅದು ಸಾಕು," ಎಂದರು. ಮಕ್ಕಳಲ್ಲಿ ಒಬ್ಬಳು ಬಾಣದ ದಿಕ್ಕಿಗೆ ಕೈ ತೋರಿಸಿ ಏನೋ ಕೇಳಿದಳು. ಬಸ್ಸಿನ ಹಾರನ್ ಉತ್ತರ ಕೊಟ್ಟಿತು.

ಗುಡ್ಡದ ಮೇಲೆ ಫೋನಿಗೆ ರೇಂಜ್ ಇಲ್ಲ. ಹಾಗಾಗಿ ಆ ದಾರಿಯನ್ನು ಓದುತ್ತಾ ಹತ್ತಿದವಳು ನಾನೊಬ್ಬಳೇ. ಎಷ್ಟು ಚಂದ ಬರೆದಿದ್ದಳು ಗೊತ್ತೇ? ಎಡವುವ ಕಡೆ ಎಚ್ಚರಿಕೆ, ತಪ್ಪುವ ಕಡೆ ಅಡ್ಡಗೆರೆ, ನೆರಳಿರುವ ಕಡೆ ಕೂರಲು ಸೂಚನೆ. ಅರ್ಧ ದಾರಿಯಲ್ಲಿ ಕಲ್ಲಿನ ಚೌಕ, ಒಳಗೆ ಹತ್ತು. ಬಾಣದತ್ತ ಹತ್ತು ಹೆಜ್ಜೆ ನಡೆದು ಒಂದು ಕಲ್ಲೆತ್ತಿದೆ. ನೋಟ್‌ಬುಕ್ಕಿನ ಹಾಳೆ, ಪ್ಲಾಸ್ಟಿಕ್ಕಿನೊಳಗೆ ಮಡಚಿಟ್ಟದ್ದು:

"ಬಂದವರಿಗೆ ನಮಸ್ಕಾರ. ನಾನು ಕೇಪಳ ದಳದ ಅನ್ವಿತಾ. ಮೇಲೆ ಶರಬತ್ತು ಉಂಟು, ತಣ್ಣಗೆ ಉಂಟು. ನನಗೆ ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಸಂಕೋಚ ಬೇಡ. ಒಂದು ಗುಂಪು ಮುಗಿಸುವಾಗ ಇನ್ನೊಂದು ಗುಂಪು ಶುರು ಮಾಡುವ ಹಾಡು ಉಂಟಲ್ಲ, ಅದನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದು. ಒಬ್ಬಳೇ ಹಾಡ್ಲಿಕ್ಕೆ ಆಗುದಿಲ್ಲ. ಇವತ್ತು ಒಟ್ಟಿಗೆ ಹಾಡುವಾ?"

ತುದಿ ತಲುಪಿದಾಗ ಸುರಂಗದ ಬಾಯಿಯ ಬಳಿ ಬಾಳೆಲೆಯ ಮೇಲೆ ಮೂವತ್ತೆರಡು ಲೋಟ ನಾಲ್ಕು ಸಾಲಿನಲ್ಲಿ, ಸಾಲಿಗೆ ಎಂಟು. ನಿಮ್ಮ ಎಂಟು, ಮಾನ್ಯರೇ. ಅನ್ವಿತಾ ಸ್ಕಾರ್ಫು ಸರಿಮಾಡಿಕೊಂಡು ಎದ್ದು ನಿಂತಳು. "ಕೇಪಳ ದಳ. ಒಟ್ಟು ಒಬ್ಬಳು. ಹಾಜರು ಒಬ್ಬಳು." ಮತ್ತೆ ನನ್ನ ಹೆಗಲ ಮೇಲಿಂದ ಹಿಂದೆ ನೋಡಿದಳು. "ಅವರು ಮೆಲ್ಲ ಬರ್ತಿದ್ದಾರಾ ಟೀಚರ್?"

ಸತ್ತವರ ಮನೆಯಲ್ಲಿಯೂ ಒಂದು ಶ್ಲೇಷೆ ಹುಡುಕುವ ಬಾಯಿ ನನ್ನದು. ಅಂದು ಅದು ಇದ್ದದ್ದನ್ನು ಮಾತ್ರ ಹೇಳಿತು: ಅವರು ಕೆಳಗಿನಿಂದಲೇ ಹೋದರು.

ಅನ್ವಿತಾಳಿಂದ ಎಂಟರ ಕಥೆ ಕೇಳಿದ್ದ ವಾಸಪ್ಪಣ್ಣನೇ ಮಾತು ತೆಗೆದರು. "ಎಂಟು ಮಂದಿ ಬೇಕಂತಾ ಟೀಚರೆ? ಈ ಸುರಂಗಕ್ಕೆ ಎಂಟು ಮಂದಿ ಹೊಕ್ಕಿದ್ರೆ ಒಳಗಿನ ಮೇಣದಬತ್ತಿ ನಂದಿ ಹೋಗ್ತದೆ. ಒಬ್ಬ ಅಗೀಬೇಕು, ಒಬ್ಬ ಮಣ್ಣು ಹೊರ್ಬೇಕು. ನಾನೂ ನನ್ನ ಬಾವನೂ ಇಬ್ಬರೇ, ಎರಡು ವರ್ಷ. ಇವತ್ತು ಏಳು ಮನೆ ಇದರ ನೀರು ಕುಡೀತದೆ. ಆ ದೊಡ್ಡ ಜನಕ್ಕೆ ಇದನ್ನು ಬರೀರಿ."

ಬರೆದಿದ್ದೇನೆ.

ಮೂವರೂ ಕೂತು ಕುಡಿದಷ್ಟು ಕುಡಿದೆವು. ಉಳಿದ ಲೋಟಗಳಲ್ಲಿ ಗಾಳಿಗೆ ಕೆಂಪು ಧೂಳು ಕೂತಿತ್ತು, ಯಾರೂ ಬಾಯಿಟ್ಟಿರದಿದ್ದರೂ ಎಲ್ಲವನ್ನೂ ತೊಳೆಯಬೇಕಾಯಿತು. ಇಳಿಯುವಾಗ ಅನ್ವಿತಾ ಶಿಸ್ತು ಬಿಡಲಿಲ್ಲ. ಎಲ್ಲರಿಗಿಂತ ಕೊನೆಯಲ್ಲಿ ನಡೆಯುವವಳು ತಾನೇ ಆದ್ದರಿಂದ, ತಾನಿಟ್ಟ ಒಂದೊಂದು ಬಾಣವನ್ನೂ ತಾನೇ ಕೆದರುತ್ತಾ, ಹುಲ್ಲಿನ ಗಂಟುಗಳನ್ನು ಬಿಚ್ಚುತ್ತಾ ಬಂದಳು. ಚೌಕದ ಬಳಿ ಬಂದಾಗ ನಾನು ಚೀಲದಿಂದ ಪತ್ರ ತೆಗೆದು, "ಇದನ್ನು ನಾನು ಓದಿದೆ ಮಗಾ," ಎಂದೆ. ಅವಳು ಕೋಪಿಸಿಕೊಳ್ಳಲಿಲ್ಲ. ಕೈ ಚಾಚಿ ಅದನ್ನು ತೆಗೆದುಕೊಂಡಳು.

"ಅದು ನಿಮಗೆ ಬರೆದದ್ದಲ್ಲ ಟೀಚರ್."

ಹತ್ತು ಹೆಜ್ಜೆ ನಡೆದು ಅದನ್ನು ಮತ್ತೆ ಕಲ್ಲಿನಡಿ ಇಟ್ಟು ಬಂದಳು. ಆ ಚೌಕವೊಂದನ್ನು ಅಳಿಸಲಿಲ್ಲ.

ನಿಮ್ಮ ದಾಖಲೆಯಲ್ಲಿ ಅಂದಿನ ಹೊರಸಂಚಾರ ಮೂವತ್ತೆರಡು ಹುಡುಗಿಯರ ಹೆಸರಿನಲ್ಲಿ ಮಂಜೂರಾಗಿದೆ ಎಂದು ತಿಳಿಯಿತು. ಸಂತೋಷ. ಆ ಮಕ್ಕಳದ್ದು ತಪ್ಪಿಲ್ಲ, ಅವರ ಸಾಲನ್ನು ಅಳಿಸಿ ಎಂದು ನಾನು ಕೇಳುವುದಿಲ್ಲ. ಆದರೆ ಕಡತದ ಆ ಫೋಟೊವನ್ನು ಒಮ್ಮೆ ಹತ್ತಿರದಿಂದ ನೋಡಿ. ಬ್ಯಾನರಿನ ಬಲಗಡೆ, ನೆಲದಲ್ಲಿ, ಕಲ್ಲಿನ ಬಾಣ ಒಂದು ಕಾಣುತ್ತದೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಅದೊಂದು ಗುಡ್ಡದ ಕಡೆ ನೋಡುತ್ತಿದೆ. ಅದನ್ನು ಇಟ್ಟವರು ಯಾರು? ಹತ್ತಿದವರು ಯಾರು? ಹತ್ತದವರಿಗೆ ಸಂಖ್ಯೆ ಸಿಗುವುದಾದರೆ ಹತ್ತಿದವಳಿಗೆ ಏಕಿಲ್ಲ?

ನನ್ನ ಬೇಡಿಕೆ ಇಷ್ಟು. ಆ ಶನಿವಾರದ ಆರು ಕಿಲೋಮೀಟರ್ ನಡಿಗೆಯನ್ನು ಅನ್ವಿತಾಳ ಹೊರಸಂಚಾರವೆಂದು ಒಪ್ಪಿ, ಇಪ್ಪತ್ತೆಂಟರ ಒಳಗೆ ಒಂದು ಸಂಖ್ಯೆ ಕೊಡಿ. ಹುಡುಗಿಯರ ಸಂಖ್ಯೆಯ ಜಾಗದಲ್ಲಿ ಒಂದು ಎಂದೇ ಬರೆಯಿರಿ. ಕಂಪ್ಯೂಟರ್ ಕೆಂಪಾಗಲಿ, ಯಾರಾದರೂ ಒಬ್ಬರು ಆಗಬೇಕಲ್ಲ.

ಮತ್ತೆ, ಸಾಧ್ಯವಾದರೆ ಮಾದರಿ ಪಟ್ಟಿಗೆ ಆ ಹತ್ತನೆಯದನ್ನು ಸೇರಿಸಿ. ಯಾವುದಾದರೂ ಶಾಲೆ ಒಪ್ಪಿದರೆ ಮೂವತ್ತೆರಡು ಮಂದಿ ಬೇಡ, ಒಬ್ಬಳನ್ನು ಕಳಿಸಿದರೂ ಸಾಕು, ಆ ಹಾಡಿಗೆ ಇಬ್ಬರು ಸಾಕಾಗುತ್ತದೆ. ದಾರಿಯ ಗುರುತುಗಳೆಲ್ಲ ಹೋಗಿವೆ, ನಾನು ಕರೆದುಕೊಂಡು ಹೋಗುತ್ತೇನೆ. ಅರ್ಧ ದಾರಿಯಲ್ಲಿ ಚೌಕ ಇನ್ನೂ ಉಂಟು. ಅಲ್ಲಿಂದ ಹತ್ತು ಹೆಜ್ಜೆ.

ಇಂತಿ,
ಮೂವತ್ತೆರಡು ಲೋಟ ತೊಳೆದು ಶಾಲೆಗೆ ಒಪ್ಪಿಸಿದ,
ದಮಯಂತಿ
ಗೈಡ್ ಕ್ಯಾಪ್ಟನ್, ಒಬ್ಬಳಿಗೆ