ನಾನು ಮಾಡಿದ ನೂರೆಂಬತ್ತು ವರ್ಷದ ಮೇಜು

ಪುರಾತನ ವಸ್ತುಗಳ ಪಟ್ಟಿ ಬರೆಯುವ ಮಾನ್ಯ ಅಧಿಕಾರಿಗಳೇ,

ಮಂಗಳವಾರ, ಸಂಜೆ ಐದು ಗಂಟೆ. ಇವತ್ತಿನ ದಿನವೆಲ್ಲ ನಿಮ್ಮ ಕಚೇರಿಯ ಬೆಂಚಿನ ಮೇಲೆ ಕಳೆಯಿತು. ನಮ್ಮ ಹಳೆಯ ಪ್ರೆಸ್ಬಿಟೇರಿಯನ್ ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿರುವ ಉದ್ದನೆಯ ಮೇಜಿಗೆ ನೀವು ಹಗ್ಗ ಸುತ್ತಿ, ‘ನೂರೆಂಬತ್ತು ವರ್ಷ ಹಳೆಯದು, ಮುಟ್ಟಬಾರದು’ ಎಂಬ ಫಲಕ ತೂಗುಹಾಕಿದ್ದೀರಿ. ಆ ಮೇಜು ಮಾಡಿದವನು ನಾನು. ನನಗೆ ಈಗ ಅರವತ್ತೆಂಟು.

ನಿಮ್ಮದು ಓದಿದವರು ಮಾಡುವ ತಪ್ಪು. ಹಿಂದೆ ನಮ್ಮ ಸಭೆಯವರು ಉದ್ದನೆಯ ಮೇಜಿನ ಸುತ್ತ ಕುಳಿತು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತಿದ್ದರೆಂದು ಎಲ್ಲೋ ಓದಿ, ಅಂಥದೊಂದು ಮೇಜು ಹುಡುಕುತ್ತ ಕೆಳಗಿಳಿದಿರಿ. ಸಿಕ್ಕಿಯೂ ಬಿಟ್ಟಿತು! ಅದರ ಗೀರುಗಳನ್ನು ಭೂತಗನ್ನಡಿಯಲ್ಲಿ ನೋಡಿ ‘ತಲೆಮಾರುಗಳ ಸವೆತ’ ಎಂದು ಬರೆದುಕೊಂಡಿರಿ. ಅದು ನನ್ನ ಹೆಂಡತಿಯ ಚಾಕುವಿನ ಕೆಲಸ. ಹನ್ನೊಂದು ವರ್ಷ, ಪ್ರತಿ ಬುಧವಾರ, ಊಟಕ್ಕಿಲ್ಲದೆ ಬರುವವರಿಗಾಗಿ ಆ ಮೇಜಿನ ಮೇಲೆ ತರಕಾರಿ ಹೆಚ್ಚಿದಳು. ಕೆಳಗೊಂದು ಹಲಗೆ ಇಟ್ಟುಕೋ ಮಾರಾಯ್ತಿ ಎಂದರೆ, “ನೋಡ್ತಾ ಕೂರೋಕಾ ಇದನ್ನ ಮಾಡಿದ್ದು?” ಅನ್ನುತ್ತಿದ್ದಳು. ಅವಳು ತೀರಿಕೊಂಡು ಎರಡು ತಿಂಗಳಾಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಂತೆ. ನಿಮ್ಮ ಗುಮಾಸ್ತರು ಪ್ರತ್ಯಕ್ಷ ನಿಂತಿದ್ದ ನನ್ನನ್ನೇ ಒಪ್ಪಲಿಲ್ಲ.

“ಮೇಜು ಮಾಡಿದವರ ಹೇಳಿಕೆ ತನ್ನಿ.”

“ನಾನೇ ಕಣಪ್ಪ ಮಾಡಿದ್ದು.”

“ಅವರು ತೀರ್ಕೊಂಡಿದಾರೆ ಅಂತ ಕಡತದಲ್ಲಿದೆ ಯಜಮಾನ್ರೇ. ನೂರೆಂಬತ್ತು ವರ್ಷ ಆಯ್ತು, ಇರ್ತಾರಾ?”

“ನಾನಿದ್ದೀನಲ್ಲ.”

“ನೀವಿದ್ದೀರಿ, ಇಲ್ಲ ಅಂದೋರ್ಯಾರು? ಅವರಿಲ್ಲ.”

ಮೇಜಿನ ಅಡಿಯಲ್ಲಿ ಪ್ಲೈವುಡ್ ಇದೆ, ಆ ಕಾಲದಲ್ಲಿ ಅದೆಲ್ಲಿತ್ತು, ಮಗುಚಿ ನೋಡಿ ಎಂದೆ. ಮಗುಚಬೇಕಾದರೆ ಮುಟ್ಟಬೇಕು, ಮುಟ್ಟುವ ಹಾಗಿಲ್ಲ ಎಂದರು. ಅದಕ್ಕೇ ನಾಲ್ಕು ಜನ ಓದಲಿ ಎಂದು ಪತ್ರಿಕೆಯ ಮೂಲಕ ನಿಮಗೆ ಬರೆಯುತ್ತಿದ್ದೇನೆ.

ಕಳೆದ ಬುಧವಾರ ಬೇರೆ ದಾರಿ ಕಾಣದೆ, ಮೇಲೆ ಆರಾಧನೆಯ ಬೆಂಚುಗಳ ಮೇಲೆ ಈರುಳ್ಳಿ ಹೆಚ್ಚಿದೆವು. ಆ ಬೆಂಚುಗಳು ನಿಜವಾಗಿಯೂ ನೂರೆಂಬತ್ತು ವರ್ಷದವು. ನಿಮ್ಮ ಪಟ್ಟಿಯಲ್ಲಿ ಇಲ್ಲ. ಭಾನುವಾರವೂ ಘಾಟು ಹೋಗಿರಲಿಲ್ಲ. ಸಭೆ ಕಣ್ಣೊರೆಸಿಕೊಳ್ಳುವುದನ್ನು ಕಂಡು, ತಮ್ಮ ಪ್ರಸಂಗ ನಾಟಿತೆಂದು ಸಭಾಪಾಲಕರು ಇನ್ನರ್ಧ ಗಂಟೆ ಎಳೆದರು. ನನಗೂ ಅಳುವುದಕ್ಕೆ ಒಂದು ನೆಪ ಸಿಕ್ಕಿತು.

ಸುಳ್ಳು ಹೇಳಬಾರದು. ಫಲಕ ಕಂಡ ದಿನ ನನಗೆ ಒಳಗೊಳಗೇ ಸಂತೋಷವಾಗಿತ್ತು. ಅವಳ ಕೈಗುರುತನ್ನು ಸರ್ಕಾರವೇ ಕಾಯುತ್ತದಲ್ಲ ಎಂದು ಎರಡು ದಿನ ಹಗ್ಗದ ಈಚೆ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ನಾದಿನಿ ಬಂದು, “ಭಾವಾ, ಅಕ್ಕ ಇದ್ದಿದ್ರೆ ಈ ಹಗ್ಗದ ಮೇಲೆ ಒರೆಸೋ ಬಟ್ಟೆ ಒಣಹಾಕಿರೋಳು. ಏಳಿ, ಕ್ಯಾರೆಟ್ ತೊಳೀರಿ” ಎಂದಳು. ನಾಚಿಕೆಯಾಯಿತು.

ಆದ್ದರಿಂದ ಮೇಜನ್ನು ನಿಮ್ಮ ಪಟ್ಟಿಯಿಂದ ತೆಗೆದುಹಾಕಿ. ಅವಳ ಗೀರುಗಳ ಮೇಲೆ ಇನ್ನೊಬ್ಬರ ಗೀರು ಬೀಳಲಿ. ಹಗ್ಗವನ್ನು ನಾನೇ ಬಿಚ್ಚುತ್ತೇನೆ. ತೀರಿಕೊಂಡವನ ಮೇಲೆ ಮೊಕದ್ದಮೆ ಹೂಡುವ ಅರ್ಜಿ ನಮೂನೆ ನಿಮ್ಮಲ್ಲಿದ್ದರೆ ತುಂಬಿಕೊಳ್ಳಿ. ನಾಳೆ ಬುಧವಾರ. ನಿಮ್ಮ ಕಚೇರಿ ತೆರೆಯುವುದು ಹತ್ತು ಗಂಟೆಗೆ. ಆಲೂಗಡ್ಡೆ ಮೂಟೆ ಏಳಕ್ಕೇ ಬರುತ್ತದೆ.

ಇಂತಿ,
ನಿಮ್ಮ ಕಡತದಲ್ಲಿ ಇಲ್ಲವಾದ ಬಡಗಿ