ಎರಡನೆಯ ಪ್ರಶ್ನೆಗೆ ಇರಲಿ ಎಂದ ಊರು

ಹೂಳುಪೇಟೆ, ಹೂಳಿನ ಶಕೆ ೨೧೧, ಫಾಲ್ಗುಣದ ಮೂವತ್ತೆರಡನೆಯ ದಿನ

ಹಿಂದಿನವರಿಗೆ,

ಮೊದಲು ಖರ್ಚು ಹೇಳಿಬಿಡುತ್ತೇನೆ. ನನ್ನ ಕಸುಬಿನವರಿಗೆ ಕುಶಲ ಕೇಳುವುದಕ್ಕಿಂತ ಅದೇ ಸಲೀಸು. ಊರ ಪೆಟ್ಟಿಗೆಯ ನಿತ್ಯದ ಕೆಲಸ ಇಡೀ ದಿನ ನಿಂತಿತು, ಅದರ ಜೊತೆ ಹಿಟ್ಟಿನ ಗಿರಣಿಯೂ ನಿಂತಿತು. ಸಭೆಗೆ ಬಂದವರಿಗೆ ಎರಡು ಚೀಲ ಜೋಳದ ರೊಟ್ಟಿ ತಟ್ಟಿದ್ದಾಯಿತು. ಹನ್ನೊಂದು ಮನೆಯವರು ಅತ್ತರು, ಆ ಅಳು ದಂಡವಾಯಿತು. ಒಬ್ಬ ಮನುಷ್ಯನ ಮರ್ಯಾದೆ ಹೋಯಿತು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ, ಪದಗಳೂ ಅಲ್ಲಲ್ಲಿ ಬೇರೆ.

ನಾನು ಜಂಬಣ್ಣ, ಜಾಗದ ದಲಾಲಿ. ಹೊಲಮನೆಯ ಜಾಗವಲ್ಲ, ಡಿಸ್ಕಿನ ಜಾಗ. ನಿಮ್ಮ ಕಾಲದ ಜಲಾಶಯವೊಂದು ಹೂಳು ತುಂಬಿ ಒಣಗಿದ ಮೇಲೆ ಅದರ ತಳದಲ್ಲಿ ಎದ್ದ ಊರು ನಮ್ಮದು. ಹೊಸ ಡಿಸ್ಕು ಮಾಡುವ ವಿದ್ಯೆ ನನ್ನ ಮುತ್ತಜ್ಜನ ಕಾಲಕ್ಕೇ ಹೋಯಿತು. ನೀವು ಬಿಟ್ಟುಹೋದದ್ದನ್ನೇ ಒರೆಸಿ ಬಳಸುತ್ತೇವೆ. ಊರಿಗೆಲ್ಲ ಒಂದೇ ಪೆಟ್ಟಿಗೆ, ಅಂದರೆ ಕಂಪ್ಯೂಟರು. ಅದರ ಹೊಟ್ಟೆಯೊಳಗೆ ಮನೆಗೊಂದು ಒಳಯಂತ್ರ, ನೀವು ವರ್ಚುವಲ್ ಮಷೀನ್ ಎನ್ನುತ್ತಿದ್ದದ್ದು. ಒಂದು ಬಿತ್ತನೆಯ ಸರದಿ ಲೆಕ್ಕ ಹಾಕುತ್ತದೆ, ಇನ್ನೊಂದು ಸೀರೆಯಂಚಿನ ನಮೂನೆ ಬಿಡಿಸುತ್ತದೆ. ಮತ್ತೊಂದು ಏನು ಮಾಡುತ್ತದೋ ಅದರ ಒಡೆಯರಿಗೂ ಗೊತ್ತಿಲ್ಲ, ಆದರೂ ಹಬ್ಬಕ್ಕೊಮ್ಮೆ ಚಾಲೂ ಮಾಡಿ ಆರತಿ ಎತ್ತುತ್ತಾರೆ. ಜಾಗವನ್ನು ಕೊಳಗದಲ್ಲಿ ಅಳೆಯುತ್ತೇವೆ. ಒಂದು ಕೊಳಗ ನಿಮ್ಮ ಒಂದು ಜೀಬಿ.

ಈ ವರ್ಷ ಸೂಲಗಿತ್ತಿ ಹುಲಿಗೆಮ್ಮ ನಲವತ್ತು ಕೊಳಗ ಕೇಳಿದಳು. ಹೊಟ್ಟೆಯಲ್ಲಿ ಕೂಸು ಅಡ್ಡ ಮಲಗಿದೆಯೋ ನೆಟ್ಟಗಿದೆಯೋ ತೋರಿಸುವ ಒಳಯಂತ್ರ ಅವಳಿಗೆ ನೆರೆಯೂರಿನಿಂದ ಸಿಕ್ಕಿತ್ತು, ಇಡಲು ಜಾಗವಿರಲಿಲ್ಲ. ಹನ್ನೊಂದು ಮನೆಯವರು ತಮ್ಮ ತಮ್ಮ ಯಂತ್ರ ಅಳಿಸಲು ಒಪ್ಪಿದರು. ಒಪ್ಪದವನು ಇನಾಸ ಒಬ್ಬನೇ. ಮುಳುಗಿದ ಕರಾವಳಿಯಿಂದ ಬಂದು ಗಿರಣಿಯ ಬೆಲ್ಟು ಹೊಲಿದುಕೊಂಡಿದ್ದವನು. ಅವನ ಊರಿನ ಗೋರಿಗಳು ಈಗ ಕಡಲ ಕೆಳಗಿವೆ. ವರ್ಷದಲ್ಲಿ ಒಂದೆರಡು ಸಲ ನೀರು ತುಂಬ ಇಳಿದಾಗ ಸ್ವಲ್ಪ ಹೊತ್ತು ಹೊರಗೆ ಕಾಣುತ್ತವೆ. ಯಾವ ದಿನವೆಂದು ಅವನ ಒಳಯಂತ್ರಕ್ಕೆ ಮಾತ್ರ ಗೊತ್ತು. ಅಜ್ಜ, ಅಪ್ಪ ಕಂಡು ಬರೆದ ಇಳಿತಗಳೆಲ್ಲ ಅದರೊಳಗಿದ್ದವು. ಆ ದಿನಕ್ಕೆ ಸರಿಯಾಗಿ ಹೋಗಿ ತಾಯಿಯ ಗೋರಿಗೆ ಮೇಣದ ಬತ್ತಿ ಹಚ್ಚಿ ಬರುತ್ತಿದ್ದ.

ಅಳಿಸುವಾಗ ಪೆಟ್ಟಿಗೆ ಎರಡು ಪ್ರಶ್ನೆ ಕೇಳುತ್ತದೆ. ಯಂತ್ರವನ್ನು ತೆಗೆಯಲೇ? ಅದರ ಕಡತಗಳನ್ನೂ ಅಳಿಸಲೇ? ಹೊರಟವರು ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುವ ನಿಮ್ಮ ರೂಢಿ ನಮ್ಮಲ್ಲಿ ಇನ್ನೂ ಇದೆ. ಕಳಿಸಿಕೊಡುವವರೂ ಕಡೆಯ ಮಾತು ಆಡುವುದಿಲ್ಲ. ಹಾಗಾಗಿ ಮೊದಲನೆಯದಕ್ಕೆ ಹೂಂ ಎಂದ ಹನ್ನೊಂದು ಮನೆಯವರೂ ಎರಡನೆಯದಕ್ಕೆ ಕೈಮುಗಿದು, "ಇರಲಿ" ಎಂದರು. ಪಟ್ಟಿಯಿಂದ ಹೆಸರುಗಳು ಹೋದವು. ನಾನು ಅಳೆದೆ. ಒಂದು ಕೊಳಗವೂ ಹೆಚ್ಚಾಗಿರಲಿಲ್ಲ.

ಆಗ ನಾನು ಎದ್ದು ನಿಂತೆ. "ಹನ್ನೊಂದು ಮನಿ ಜಾಗಾ ಬಿಟ್ಟಾವು, ಒಂದು ಬಿಟ್ಟಿಲ್ಲ. ಜಾಗಾ ಯಾರ ಹೊಟ್ಯಾಗ ಹೋಗೇತಿ ಅಂತ ನಾನs ಬಾಯಿಬಿಟ್ಟು ಹೇಳಬೇಕೇನ್ರಪಾ?" ಎಂದೆ. ಜನ ನಕ್ಕರು. ಆ ನಗು ನನಗೆ ಹಿತವಾಯಿತು, ಬರೆಯಲು ನಾಚಿಕೆಯಾಗುತ್ತದೆ. ಹುಲಿಗೆಮ್ಮ ಒಬ್ಬಳೇ, "ಜಂಬಣ್ಣಾ, ಇನ್ನೊಮ್ಮಿ ನೆಟ್ಟಗ ನೋಡೋ ಯಪ್ಪಾ" ಎಂದಳು. "ನೋಡಾಕ ಏನೈತಬೇ, ಕಳ್ಳ ಎದುರಿಗೇ ಕುಂತಾನ" ಎಂದು ಅವಳ ಬಾಯಿ ಮುಚ್ಚಿಸಿದೆ.

ಇನಾಸ ಎದ್ದು ಬಂದ. "ನಿಮ್ಮದು ಎಂತದೂ ನನ್ನ ಹತ್ರ ಇಲ್ಲ ಮಾರಾಯ್ರೆ. ಮಕ್ಕಳು ಹುಟ್ಟುವ ವಿಷಯ ಅಲ್ವಾ, ತಕೊಳ್ಳಿ" ಎಂದ. ಮೊದಲ ಪ್ರಶ್ನೆಗೆ ಹೌದು. ಎರಡನೆಯದಕ್ಕೂ ಹೌದು. ಅಪಶಕುನವೆಂದು ಹೆಂಗಸರು ಕಿವಿ ಮುಚ್ಚಿಕೊಂಡರು. "ಕೊಟ್ಟ ಮೇಲೆ ಪೂರಾ ಕೊಡ್ಬೇಕಲ್ವಾ" ಎಂದ, ಯಾರನ್ನೂ ನೋಡದೆ. ಮರುಗಳಿಗೆಯಲ್ಲಿ ನಲವತ್ತೆರಡು ಕೊಳಗ ಖಾಲಿ ಕಂಡಿತು. "ನೋಡ್ರಿ, ಕಕ್ಕಿದ!" ಎಂದು ಊರೆಲ್ಲ ಕೂಗಿತು. ಮೊದಲು ಕೂಗಿದವನು ನಾನು.

ಹುಲಿಗೆಮ್ಮನ ಯಂತ್ರವನ್ನು ಅಲ್ಲಿ ಕೂರಿಸಿದ ಮೇಲೆ, ಮಿಕ್ಕದ್ದು ಎಷ್ಟೆಂದು ನೋಡಲು ಡಿಸ್ಕಿನ ಮೂಲೆಮೂಲೆ ತೆರೆದೆ. ಹನ್ನೊಂದು ಮನೆಯ ಕಡತಗಳೂ ಕೂದಲು ಕೊಂಕದೆ ಕೂತಿದ್ದವು. ಹೆಸರು ಅಳಿದಿತ್ತು, ಜಾಗ ಬಿಟ್ಟಿರಲಿಲ್ಲ. ಊರವರು ಕುಣಿದಾಡಿ ತಮ್ಮ ಯಂತ್ರಗಳನ್ನು ಮತ್ತೆ ಪಟ್ಟಿಗೆ ಸೇರಿಸಿಕೊಂಡರು. ಇನಾಸನದನ್ನು ಮಾತ್ರ ಎತ್ತಲು ಬರುವಂತಿರಲಿಲ್ಲ, ಅದರ ಮೇಲೆ ಹೊಸತು ಬರೆದಾಗಿತ್ತು. ಬರೆಯುವ ಮುಂಚೆ ನೋಡಿದ್ದರೆ ಉಳಿಯುತ್ತಿತ್ತೇನೋ. ನಾನು ನೋಡಿರಲಿಲ್ಲ.

ತಪ್ಪಾಯಿತು ಎನ್ನಲು ಗಿರಣಿಗೆ ಹೋದೆ. ಜೀವಮಾನವೆಲ್ಲ ಮಾತಿನಲ್ಲೇ ಉಂಡವನು ನಾನು, ಆ ಒಂದು ಮಾತು ಬರಲಿಲ್ಲ. "ನಿಂದು ಪುಣ್ಯದ ಕೆಲಸ ಆತು ಬಿಡಪಾ" ಎಂದುಬಿಟ್ಟೆ. ಅವನು ಬೆಲ್ಟಿನಿಂದ ಸೂಜಿ ಎಳೆಯುತ್ತ, "ಯಾವ ದಿನ ಅಂತ ಇನ್ನು ಗೊತ್ತಾಗುವುದಿಲ್ಲ. ಹೋಗಿ ದಡದಲ್ಲಿ ಕಾಯ್ತೇನೆ" ಎಂದ. ಹೋಗಿದ್ದಾನೆ. ಇನ್ನೂ ಬಂದಿಲ್ಲ.

ಹಿಂದಿನವರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕಾಲದಲ್ಲಿ ಅವನ ಊರು ಇನ್ನೂ ನೆಲದ ಮೇಲಿದೆ. ಕಡಲ ದಂಡೆಯವರು ಯಾರಾದರೂ ಉಬ್ಬರ ಇಳಿತ ಗುರುತು ಹಾಕುತ್ತಿದ್ದರೆ, ಅದನ್ನು ಡಿಸ್ಕಿನಲ್ಲಿ ಇಡಬೇಡಿ. ಎತ್ತರದ ಬಂಡೆಯ ಮೇಲೆ ಕೊರೆಸಿ.

ಇನ್ನು ಯಾರಿಗೆ ಏನು ದಕ್ಕಿತು ಎಂಬುದು. ಹುಲಿಗೆಮ್ಮನಿಗೆ ನಲವತ್ತು ಕೊಳಗ. ಅಡ್ಡ ಮಲಗಿದ್ದ ಎರಡು ಕೂಸುಗಳಿಗೂ ಅವುಗಳ ತಾಯಂದಿರಿಗೂ ಜೀವ. ಹನ್ನೊಂದು ಮನೆಯವರಿಗೆ ತಮ್ಮ ಯಂತ್ರ, ಮೇಲೆ ತ್ಯಾಗಿಗಳೆಂಬ ಹೆಸರು. ಇನಾಸನಿಗೆ ಏನೂ ಇಲ್ಲ. ನನಗೆ ಮಿಕ್ಕ ಎರಡು ಕೊಳಗ, ದಲಾಲಿ ಬಾಬತ್ತು, ತೆಗೆದುಕೊಂಡಿದ್ದೇನೆ.