ಭಾಷಣದಲ್ಲಿ ಅಪ್ಪನ ಮಾತು ಬೇಡ

ಪ್ರೀತಿಯ ಅಣ್ಣನಿಗೆ,

ನಿನ್ನ ಪತ್ರ ತಲುಪಿತು. ಸ್ವಾತಂತ್ರ್ಯ ದಿನದ ಸಭೆಯ ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿಸುತ್ತೇನೆ ಎಂದು ಬರೆದಿದ್ದೀಯ. ಆಸ್ಪತ್ರೆಯಲ್ಲಿ ಕೈತುಂಬ ಕೆಲಸ, ಬರಲಾಗುವುದಿಲ್ಲ.

ಜೊತೆಗಿಟ್ಟ ಭಾಷಣವನ್ನು ಎರಡು ಸಲ ಓದಿದೆ. ನದಿಯಾಚೆಯ ಜನರ ಬಿಡುಗಡೆಗೆ ಇನ್ನೊಂದು ಯುದ್ಧ ಮಾಡಲೇಬೇಕು, ಶತ್ರುಗಳ ದಾಳಿಗೆ ಬಲಿಯಾದ ನಮ್ಮಪ್ಪನೇ ಅದಕ್ಕೆ ಸಾಕ್ಷಿ ಎಂದಿದ್ದೀಯ. ಅಪ್ಪನ ಆ ಸಾಲನ್ನು ತೆಗೆದುಬಿಡು.

ಅವತ್ತು ಅಪ್ಪ ಕೆಲಸಕ್ಕಿದ್ದ ಪಂಪ್‌ಹೌಸಿನ ಮೇಲೆ ಬಿದ್ದ ಫಿರಂಗಿ ಶೆಲ್ ಗುಡ್ಡದ ಕಡೆಯಿಂದ ಬಂದದ್ದು, ಅಣ್ಣ. ಗುಡ್ಡದ ಮೇಲಿದ್ದದ್ದು ನಿನ್ನ ಪಡೆ. ಊರಿಗೆ ನೀರು ನಿಲ್ಲಬಾರದೆಂದು ಅಪ್ಪ ಪಂಪು ಬಿಟ್ಟು ಕದಲಿರಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟಿದವಳು ನಾನೇ. ಶೆಲ್ ಯಾರದೆಂದು ಅಪ್ಪನಿಗೆ ಗೊತ್ತಿತ್ತು. "ಶತ್ರುಗಳೇ ಹೊಡೆದ್ರು ಅಂತ ಹೇಳಮ್ಮ. ನಿಜ ಗೊತ್ತಾದ್ರೆ ನಿಮ್ಮಣ್ಣ ತಡ್ಕೊಳ್ಳಲ್ಲ" ಅಂದರು. ಮೂರು ವರ್ಷ ನಾನು ತುಟಿ ಬಿಚ್ಚಲಿಲ್ಲ.

ಯುದ್ಧವಿಲ್ಲದೆ ನಮಗೆ ಸ್ವಾತಂತ್ರ್ಯ ಸಿಗುತ್ತಿತ್ತೇ? ನನಗೆ ತಿಳಿಯದು. ಇವತ್ತು ಯಾರ ಹೆದರಿಕೆಯೂ ಇಲ್ಲದೆ ಬೀದಿಯಲ್ಲಿ ನಡೆಯುತ್ತೇನೆ. ಅದು ನೀವು ಗೆದ್ದುಕೊಟ್ಟದ್ದು, ಇಲ್ಲವೆನ್ನಲಾರೆ. ಆದರೆ ನದಿಯಾಚೆಯ ಊರಿಗೂ ಯಾರೋ ನೀರು ಬಿಡುತ್ತಿರುತ್ತಾರಲ್ಲ. ಅವರ ಮಕ್ಕಳನ್ನು ಒಂದು ಮಾತು ಕೇಳದೆ ಯುದ್ಧಕ್ಕೆ ಹೇಗೆ ಹೊರಡುತ್ತೀಯ?

ಅಪ್ಪನಿಗೆ ಕೊಟ್ಟ ಮಾತು ಮುರಿದೆ. ಇದನ್ನು ಓದಿದ ಮೇಲೆ ಒಬ್ಬನೇ ಇರಬೇಡ, ಅತ್ತಿಗೆಯ ಹತ್ತಿರ ಹೋಗಿ ಕೂತುಕೋ. ಅಲ್ಲಿ ಅಳಲಾಗದಿದ್ದರೆ ಮನೆಗೆ ಬಂದುಬಿಡು. ನಾನು ಏನೂ ಕೇಳುವುದಿಲ್ಲ.

ಇತಿ,
ನಿನ್ನ ತಂಗಿ